ಲಾಯ್ಕುಂಟು ಅಂದರೆ ಸಾಲದು: ಓದಿದ ಪುಸ್ತಕದ ಬಗ್ಗೆ ನೇರವಾಗಿ ಹೇಳುವುದು ಹೇಗೆ?

ಮೂರು ವರ್ಷದ ಹಿಂದಿನ ಮಾತು. ನಮ್ಮ ಓದುಗರ ಗುಂಪಿನ ಡಾಕ್ಟರಕ್ಕ ಒಂದು ಕಾದಂಬರಿಯ ಹೆಸರು ಹೇಳಿ, "ನೀನು ಓದಿದ್ದೀಯಲ್ಲ, ಹೇಗುಂಟು?" ಎಂದು ಕೇಳಿದರು. "ಲಾಯ್ಕುಂಟು ಅಕ್ಕ" ಎಂದೆ. ಚೆನ್ನಾಗಿದೆ ಅನ್ನಲು ನಮ್ಮ ಕರಾವಳಿಯ ಮಾತು ಅದು. ಅವರು 450 ರೂಪಾಯಿ ಕೊಟ್ಟು ತರಿಸಿಕೊಂಡರು. ಮುಂದಿನ ತಿಂಗಳು ಜಗಲಿಯಲ್ಲಿ ಸೇರಿದಾಗ ಅದನ್ನು ನನ್ನ ಮುಂದೆ ಇಟ್ಟು, "ನಿಜ ಹೇಳು ಮಾರಾಯ, ನೀನು ಇದನ್ನು ಪೂರ್ತಿ ಓದಿದ್ದೀಯಾ?" ಎಂದರು.

ಓದಿರಲಿಲ್ಲ. 143ನೇ ಪುಟಕ್ಕೆ ಬಿಟ್ಟಿದ್ದೆ. ಬರೆದವರು ನನಗೆ ದೂರದ ಸಂಬಂಧದಲ್ಲಿ ಮಾವ ಆಗಬೇಕು. ಬಿಡುಗಡೆಯ ದಿನ ಮುಂದಿನ ಸಾಲಿನಲ್ಲಿ ಕೂತು, ಊಟ ಮಾಡಿ, ಗೌರವ ಪ್ರತಿ ಕಂಕುಳಲ್ಲಿ ಇಟ್ಟುಕೊಂಡು ಬಂದವನು ನಾನು. ಬೇರೆ ಏನು ಹೇಳುವುದು? ಆದರೆ ಆಮೇಲೆ ಒಂದು ವರ್ಷ ಡಾಕ್ಟರಕ್ಕ ನನ್ನ ಹತ್ತಿರ ಯಾವ ಪುಸ್ತಕದ ಬಗ್ಗೆಯೂ ಕೇಳಲಿಲ್ಲ. ಅದು ಚುಚ್ಚಿತು.

ನಮ್ಮ ಕಡೆಯವರಿಗೆ ಅಭಿಪ್ರಾಯ ಹೇಳಲು ಬರುವುದಿಲ್ಲ ಅಂತ ಮಾತ್ರ ಹೇಳಬೇಡಿ. ರಾತ್ರಿ ಯಕ್ಷಗಾನದ ಆಟ ನೋಡಿ ಬಂದವರನ್ನು ಬೆಳಿಗ್ಗೆ ಹೋಟೆಲಿನಲ್ಲಿ ಚಾ ಕುಡಿಯುವಾಗ ಕೇಳಿ ನೋಡಿ. "ಭಾಗವತರ ಸ್ವರ ಭಾರಿ ಇತ್ತು. ಮೊದಲ ಪ್ರಸಂಗ ಎಳೆದರು. ಪುಂಡುವೇಷದವ ಕುಣಿತದಲ್ಲಿ ಗಟ್ಟಿ, ಮಾತು ಸಪ್ಪೆ. ಬಣ್ಣದ ವೇಷ ಬರುವಾಗ ಅರ್ಧ ಜನ ಎದ್ದು ಹೋಗಿದ್ದರು." ಯಾವುದು ಚೆನ್ನ, ಯಾವುದು ಅಲ್ಲ, ಎಷ್ಟು ಹೊತ್ತಿಗೆ ಏನಾಯ್ತು, ಎಲ್ಲ ಉಂಟು. ವೇಷ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ತಾಳಮದ್ದಳೆಯಾದರೆ ಯಾವ ಅರ್ಥಧಾರಿ ಯಾವ ಪ್ರಶ್ನೆಗೆ ಉತ್ತರ ಕೊಡದೆ ಜಾರಿಕೊಂಡ ಅನ್ನುವವರೆಗೆ ಲೆಕ್ಕ ಇರುತ್ತದೆ. ಅದೇ ಜನ ಪುಸ್ತಕದ ವಿಷಯ ಬಂದಾಗ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುತ್ತಾರೆ. ಆಟದ ಬಗ್ಗೆ ಆಡುವ ಹಾಗೆಯೇ ಪುಸ್ತಕದ ಬಗ್ಗೆ ಆಡಿದರೆ ಆಯ್ತು. ಅದನ್ನು ರೂಢಿ ಮಾಡಿಕೊಳ್ಳುವುದು ಹೇಗೆ ಎಂದು ನಾನು ಎಡವಿ ಕಲಿತ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಒಂದು: ಓದುವಾಗಲೇ ಚೀಟಿ ಇಡಿ

ಪುಸ್ತಕ ಮುಗಿದ ಮೇಲೆ ನೆನಪು ಮಾಡಿಕೊಂಡು ಹೇಳುತ್ತೇನೆ ಅಂದರೆ ಆಗುವುದಿಲ್ಲ. ಮುಗಿದ ಮೇಲೆ ಉಳಿಯುವುದು ಕೊನೆಯ ಇಪ್ಪತ್ತು ಪುಟ ಮಾತ್ರ. ಕೊನೆ ಚೆನ್ನಾಗಿದ್ದರೆ ಇಡೀ ಪುಸ್ತಕ ಚೆನ್ನಾಗಿತ್ತು ಅನಿಸುತ್ತದೆ.

ನಾನು ಮೊದಲು ಬಸ್ಸಿನ ಟಿಕೆಟಿನ ಹಿಂದೆ ಬರೆಯುತ್ತಿದ್ದೆ. ಈಗಿನ ಟಿಕೆಟಿನ ನುಣುಪು ಕಾಗದಕ್ಕೆ ಪೆನ್ನೇ ಹಿಡಿಯುವುದಿಲ್ಲ. ಹಾಗಾಗಿ ಹಳೆಯ ಮದುವೆ ಕಾಗದಗಳನ್ನು ಉದ್ದಕ್ಕೆ ಕತ್ತರಿಸಿ ಇಟ್ಟುಕೊಂಡಿದ್ದೇನೆ. ಒಳ್ಳೆ ದಪ್ಪ ಇರುತ್ತದೆ, ಒಂದು ಬದಿ ಖಾಲಿ ಇರುತ್ತದೆ, ಮಳೆಗಾಲದಲ್ಲೂ ಮೆತ್ತಗಾಗುವುದಿಲ್ಲ. ಅದೇ ಪುಟದ ಗುರುತು, ಅದೇ ಟಿಪ್ಪಣಿ.

ಬರೆಯಬೇಕಾದದ್ದು ಮೂರೇ ಸಂಗತಿ. ಎಲ್ಲಿ ಮನಸ್ಸು ನಿಂತಿತು, ಎಲ್ಲಿ ಜಾರಿತು, ರಾತ್ರಿ ಓದುವುದನ್ನು ಎಲ್ಲಿ ನಿಲ್ಲಿಸಿದಿರಿ. ಜೊತೆಗೆ ಪುಟದ ಸಂಖ್ಯೆ. ಮಾನ ಹೋದ ಮೇಲೆ ಮಾವನ ಕಾದಂಬರಿಯನ್ನು ನಾನು ಮೊದಲಿಂದ ಮತ್ತೆ ಓದಿದೆ. ಆಗಿನ ಚೀಟಿ ಇನ್ನೂ ಇದೆ:

"22: ದೋಣಿ ನೀರಿಗಿಳಿಸುವಾಗಿನ ಬೈಗಳು. ಕಿವಿಗೆ ಬಿತ್ತು.
38: ಬಾವಿಕಟ್ಟೆಯಲ್ಲಿ ಅತ್ತೆ. ಎರಡು ಸಲ ಓದಿದೆ.
71ರಿಂದ 96: ಮನೆ ಪಾಲು. ಯಾರು ಯಾರ ಮಗ??
112: ನಿದ್ದೆ.
143: ಹಿಂದೆ ಬಿಟ್ಟದ್ದು ಇಲ್ಲೇ.
188: ಬೊಂಬಾಯಿಯ ಪತ್ರ. ಛೆ, ಇಲ್ಲಿವರೆಗೆ ಬಂದಿರಲೇ ಇಲ್ಲ ನಾನು."

ನೋಡಿ, ಇಷ್ಟರಲ್ಲೇ ಅಭಿಪ್ರಾಯದ ಮುಕ್ಕಾಲು ಪಾಲು ತಯಾರಾಗಿದೆ. ಇದರಲ್ಲಿ "ಅದ್ಭುತ" ಎಂಬ ಪದ ಇಲ್ಲ, "ಬೋರು" ಎಂಬ ಪದವೂ ಇಲ್ಲ. ಇರುವುದು ನನಗೆ ಎಲ್ಲಿ ಏನಾಯ್ತು ಎಂಬ ಲೆಕ್ಕ.

ಗ್ರಂಥಾಲಯದ ಪುಸ್ತಕದಲ್ಲಿ ದಯವಿಟ್ಟು ಗೆರೆ ಎಳೆಯಬೇಡಿ. ನಿಮ್ಮ ಹಿಂದೆ ಓದುವವನಿಗೆ ನಿಮ್ಮ ಗೆರೆಯೇ ಕಾಣುತ್ತದೆ, ಸಾಲು ಕಾಣುವುದಿಲ್ಲ.

ಎರಡು: ಎರಡು ದಿನ ಸುಮ್ನೆ ಇರಿ

ಮುಗಿಸಿದ ಬಿಸಿಯಲ್ಲಿ ಹೇಳಬೇಡಿ. ಎರಡು ದಿನ ಬಿಟ್ಟು ಚೀಟಿ ನೋಡಿ. ಆಗಲೂ ಆ ಪುಟ ಕಣ್ಣ ಮುಂದೆ ಬಂದರೆ ಅದು ನಿಜವಾಗಿ ಹಿಡಿದದ್ದು. ಬರದಿದ್ದರೆ ಆ ಹೊತ್ತಿನ ಮಳೆ, ಚಾ, ಬಿಸಿ ಗೋಳಿಬಜೆಯ ಮಹಿಮೆ.

ಮೂರು: ನೀವು ಎಲ್ಲಿ ನಿಂತು ಮಾತಾಡುತ್ತಿದ್ದೀರಿ ಎಂದು ಮೊದಲೇ ಹೇಳಿ

ಉಡುಪಿ, ಮಂಗಳೂರಿನಂಥ ಊರಿನಲ್ಲಿ ಬರೆಯುವವರೂ ಓದುವವರೂ ಒಂದೇ ಮದುವೆ ಊಟದ ಪಂಕ್ತಿಯಲ್ಲಿ ಕೂರುವವರು. ಲೇಖಕಿ ನಿಮ್ಮ ಮಗಳ ಟೀಚರ್ ಆಗಿರುತ್ತಾರೆ, ಪ್ರಕಾಶಕರು ನಿಮ್ಮ ತಮ್ಮನ ಕ್ಲಾಸ್‌ಮೇಟ್ ಆಗಿರುತ್ತಾರೆ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಮುಚ್ಚಿಟ್ಟರೆ ಮಾತ್ರ ತೊಂದರೆ. ಅಭಿಪ್ರಾಯ ಶುರು ಮಾಡುವ ಮೊದಲೇ ಒಂದು ಸಾಲು ಹೇಳಿಬಿಡಿ: "ಬರೆದವರು ನಂಗೆ ಮಾವ ಆಗಬೇಕು, ಪುಸ್ತಕ ಪುಕ್ಕಟೆ ಸಿಕ್ಕಿದ್ದು." ಕೇಳುವವರು ಎಷ್ಟು ಕಳೆಯಬೇಕೋ ಅಷ್ಟು ಕಳೆದು ಕೇಳುತ್ತಾರೆ.

ಎಷ್ಟು ಓದಿದ್ದೀರಿ ಎನ್ನುವುದನ್ನೂ ಹೇಳಿ. ಅರ್ಧಕ್ಕೆ ಬಿಟ್ಟದ್ದು ಕೂಡ ಅಭಿಪ್ರಾಯವೇ. "340 ಪುಟದಲ್ಲಿ 143 ಓದಿದೆ, ಹೆಸರುಗಳು ತಲೆಗೆ ಹತ್ತಲಿಲ್ಲ, ಬಿಟ್ಟೆ" ಎಂದು ಅವತ್ತು ಹೇಳಿದ್ದರೆ ಡಾಕ್ಟರಕ್ಕ ಬೈಯುತ್ತಿರಲಿಲ್ಲ. ಬಹುಶಃ ಕೊಳ್ಳುತ್ತಲೂ ಇದ್ದರು. ಅವರಿಗೆ ಮನೆತನದ ಕಥೆ ಇಷ್ಟ.

ಇನ್ನೊಂದು ಪಕ್ಷಪಾತ ನಮಗೇ ಗೊತ್ತಾಗುವುದಿಲ್ಲ. ಅದು ಊರಿನ ಮೋಹ. 1901ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭ ಕಥೆಯಲ್ಲಿ ಎರಡು ಸಲ ಬಂದರೆ ನಾನು ಕರಗಿ ಹೋಗುತ್ತೇನೆ. ಮಲ್ಪೆ ಬಂದರಿನ ವಾಸನೆ ಬಂದರಂತೂ ಕೇಳಬೇಡಿ. ಆದರೆ ಹಾಸನದ ಓದುಗರಿಗೆ ಅದೊಂದು ಬರಿ ದೀಪಸ್ತಂಭ. ಪುಸ್ತಕದಲ್ಲಿ ಕುಂದಗನ್ನಡದ ಮಾತು ತುಂಬ ಇದ್ದರೆ ಅದನ್ನೂ ತಿಳಿಸಿ. ಕುಂದಾಪುರದವರಿಗೆ ಅದೇ ಸುಖ. ಮಂಗಳೂರಿನವರು ಎರಡು ಅಧ್ಯಾಯ ತಡವರಿಸಿ ಸರಿಹೋಗುತ್ತಾರೆ. ಘಟ್ಟದ ಮೇಲಿನವರಿಗೆ ಕೊನೆಯಲ್ಲಿ ಪದಗಳ ಪಟ್ಟಿ ಇದೆಯೋ ಇಲ್ಲವೋ ಎನ್ನುವುದೇ ಮುಖ್ಯ.

ನಾಲ್ಕು: ಏನು ಹೇಳಬೇಕು, ಏನು ಬಿಡಬೇಕು

ಮೊದಲು ಬಿಡಬೇಕಾದದ್ದು. "ಕೈಗೆತ್ತಿಕೊಂಡರೆ ಕೆಳಗಿಡಲು ಮನಸ್ಸಾಗದು." "ಮನಮುಟ್ಟುವ ನಿರೂಪಣೆ." "ಸಂಗ್ರಹಯೋಗ್ಯ ಕೃತಿ." "ಕನ್ನಡ ಸಾರಸ್ವತ ಲೋಕಕ್ಕೆ ಅಮೂಲ್ಯ ಕೊಡುಗೆ." ಇವೆಲ್ಲ ಬೆನ್ನುಡಿಯ ಮಾತು. ಯಾವ ಪುಸ್ತಕಕ್ಕೆ ಅಂಟಿಸಿದರೂ ಅಂಟುತ್ತದೆ, ಹಾಗಾಗಿ ಯಾವ ಪುಸ್ತಕದ ಬಗ್ಗೆಯೂ ಏನೂ ಹೇಳುವುದಿಲ್ಲ. ಪುರಭವನದ ವೇದಿಕೆಯಲ್ಲಿ ಶಾಲು ಹೊದ್ದುಕೊಂಡು ಹೇಳಲು ಸರಿ. ಜಗಲಿಯಲ್ಲಿ ಬೇಡ.

ಕನ್ನಡದಲ್ಲಿ ನೇರವಾದ ಓದುಗರು ಅಂದರೆ ನನಗೆ ಮೊದಲು ನೆನಪಾಗುವುದು ಮನೋರಮೆ. ಕಾರ್ಕಳದ ಹತ್ತಿರದ ನಂದಳಿಕೆಯ ಮುದ್ದಣ 'ಶ್ರೀರಾಮಾಶ್ವಮೇಧ'ದಲ್ಲಿ ಕಥೆ ಹೇಳುವುದು ಈ ಹೆಂಡತಿಗೆ. ಅವನು ಸಂಸ್ಕೃತ ತುಂಬಿ ಬಿಗಿಯಾಗಿ ಶುರು ಮಾಡಿದಾಗ ಅವಳು ತಡೆದು, ನೀರಿಳಿಯದ ಗಂಟಲಿಗೆ ಕಡುಬು ತುರುಕಿದ ಹಾಗಾಯ್ತು ಎನ್ನುತ್ತಾಳೆ. ಎಷ್ಟು ಕೆಲಸ ಮಾಡಿತು ನೋಡಿ ಆ ಒಂದು ಮಾತು. "ಚೆನ್ನಾಗಿಲ್ಲ" ಎನ್ನಲಿಲ್ಲ ಅವಳು. ತನ್ನ ಗಂಟಲಿಗೆ ಏನಾಯ್ತು ಎಂದಳು. ಅವನಿಗೆ ಎಲ್ಲಿ ತಿದ್ದಬೇಕು ಎಂದು ಗೊತ್ತಾಯಿತು. (ಅವಳನ್ನು ಬರೆದವನೂ ಅವನೇ ಎನ್ನುವುದು ಬೇರೆ ಮಾತು. ತನ್ನ ಬರಹದ ಒಳಗೇ ಒಬ್ಬ ಜಗಳಗಂಟಿ ಓದುಗಾರ್ತಿಯನ್ನು ಕೂರಿಸುವ ಧೈರ್ಯ ಎಷ್ಟು ಜನಕ್ಕೆ ಉಂಟು?)

ಇನ್ನು ಹೇಳಬೇಕಾದದ್ದು. ಪುಸ್ತಕ ಯಾವ ಬಗೆಯದು ಎಂದು ಎರಡು ಸಾಲು. ಅದು ಏನು ಮಾಡಲು ಹೊರಟಿದೆ ಎಂದು ಒಂದು ಸಾಲು. ಎಲ್ಲಿ ಗೆದ್ದಿತು, ಒಂದು ಉದಾಹರಣೆ. ಎಲ್ಲಿ ಸೋತಿತು, ಒಂದು ಉದಾಹರಣೆ. ಯಾರಿಗೆ ಹಿಡಿಸಬಹುದು, ಯಾರಿಗೆ ಹಿಡಿಸದು.

"ಏನು ಮಾಡಲು ಹೊರಟಿದೆ" ಎನ್ನುವುದನ್ನು ಜನ ಬಿಟ್ಟುಬಿಡುತ್ತಾರೆ. ಅಲ್ಲೇ ಅನ್ಯಾಯ ಆಗುವುದು. ನಗಿಸಲು ಬರೆದ ಪ್ರಬಂಧದಲ್ಲಿ ತತ್ವ ಇಲ್ಲ ಎಂದು ದೂರುವುದು, ನೀರುದೋಸೆ ಗರಿಗರಿ ಆಗಿಲ್ಲ ಎಂದು ಹೋಟೆಲಿನವನ ಹತ್ತಿರ ಜಗಳ ಮಾಡಿದ ಹಾಗೆ.

ಮಾವನ ಕಾದಂಬರಿಗೆ ಇದನ್ನು ಹಾಕಿ ನೋಡುತ್ತೇನೆ. ಮೊದಲು ನಾನು ಹೇಳಿದ್ದು: "ಲಾಯ್ಕುಂಟು." ಈಗ ಕೇಳಿದರೆ ಹೇಳುವುದು:

"ಬರೆದವರು ನಂಗೆ ಮಾವ, ಅದು ನೆನಪಿರಲಿ. ಕಡಲ ಬದಿಯ ಒಂದು ಮನೆತನದ ಮೂರು ತಲೆಮಾರಿನ ಕಥೆ, 340 ಪುಟ. ಮನೆ ಒಡೆದದ್ದು ಯಾರಿಂದ ಎಂದು ಹುಡುಕುವ ಕಥೆ ಅನ್ನಬಹುದು. ಹೆಂಗಸರು ಮಾತಾಡುವಲ್ಲೆಲ್ಲ ಜೀವ ಇದೆ. ಬಾವಿಕಟ್ಟೆಯ ಅಧ್ಯಾಯದಲ್ಲಿ ಅತ್ತೆ ಕೊಡ ಎತ್ತದೆ ಮಾತು ಮುಂದುವರಿಸುತ್ತಾಳೆ, ನನ್ನ ಅಜ್ಜಿಯೇ ಎದುರು ನಿಂತ ಹಾಗಾಯ್ತು. ಆದರೆ 71ರಿಂದ 96ರವರೆಗೆ ಆಸ್ತಿ ಪಾಲು. ಹನ್ನೊಂದು ಹೊಸ ಹೆಸರು ಒಟ್ಟಿಗೆ ಬರುತ್ತದೆ, ನಾನು ಅಲ್ಲಿ ದಾರಿ ತಪ್ಪಿದೆ. ಅದನ್ನು ದಾಟಿದರೆ ಕೊನೆಯ ಮೂರನೇ ಒಂದು ಭಾಗ ಚೆನ್ನಾಗಿದೆ. ಮನೆತನದ ಕಥೆ ಇಷ್ಟ ಇರುವವರು ಓದಿ. ವೇಗ ಬೇಕು ಅನ್ನುವವರು ಬೇಡ."

ಅರ್ಧ ನಿಮಿಷದ ಮಾತು. ಹೊಗಳಿಕೆ ಇದೆ, ದೂರು ಇದೆ, ಎರಡಕ್ಕೂ ಉದಾಹರಣೆ ಇದೆ. ಕೇಳಿದವರು "ನಂಗೆ ಬೇಡ" ಎಂದರೂ ಅದು ನಾನು ಸರಿಯಾಗಿ ಹೇಳಿದ್ದಕ್ಕೆ ಬಂದ ಉತ್ತರ.

ಪುಸ್ತಕದ ಮೈಯ ಬಗ್ಗೆಯೂ ಹೇಳಿ. ನಮ್ಮ ಗುಂಪಿನಲ್ಲಿ ಬ್ಯಾಂಕಿನಿಂದ ನಿವೃತ್ತರಾದ ರಾಯರಿದ್ದಾರೆ. (ನಮ್ಮ ಜಿಲ್ಲೆಗಳಲ್ಲಿ ಹುಟ್ಟಿದ ಬ್ಯಾಂಕುಗಳ ಲೆಕ್ಕ ನೋಡಿದರೆ ಪ್ರತಿ ಗುಂಪಿಗೂ ಇಂಥ ಒಬ್ಬರು ಇರಲೇಬೇಕು.) ಅವರಿಗೆ ಎರಡೂ ಕಣ್ಣಿನ ಪೊರೆ ಆಪರೇಷನ್ ಆಗಿದೆ. ಅವರು ಕೇಳುವ ಮೊದಲ ಪ್ರಶ್ನೆ, "ಅಕ್ಷರ ಎಷ್ಟು ದೊಡ್ಡದು?" ಪ್ರೂಫ್ ಸರಿಯಾಗಿ ನೋಡದೆ ಪುಟಕ್ಕೆ ನಾಲ್ಕು ತಪ್ಪು ಇದ್ದರೆ, ಹೊಲಿಗೆ ಬಿಟ್ಟು ಪುಟ ಕೈಗೆ ಬಂದರೆ, ಅದನ್ನು ಮುಲಾಜಿಲ್ಲದೆ ಹೇಳಬೇಕು. ಅದು ಲೇಖಕರ ತಪ್ಪಾಗಿರಲಿಕ್ಕಿಲ್ಲ ಎನ್ನುವುದನ್ನೂ ಸೇರಿಸಿ. ಅನುವಾದವಾದರೆ ಇನ್ನಷ್ಟು ಜಾಗ್ರತೆ. ವಾಕ್ಯ ತೊಡರಿದರೆ ಅದು ಮೂಲದವರದ್ದೋ ಅನುವಾದಕರದ್ದೋ ಎಂದು ಮೂಲ ಓದದೆ ಹೇಳಲಾಗದು. "ಈ ಕನ್ನಡ ನನಗೆ ತೊಡರಿತು" ಎಂದಷ್ಟೇ ಹೇಳಿ.

ಐದು: ಕಥೆ ಎಷ್ಟು ಬಿಟ್ಟುಕೊಡಬೇಕು

ಮೊದಲ ಕಾಲು ಭಾಗದಲ್ಲಿ ಏನಿದೆಯೋ ಅದನ್ನು ಹೇಳಬಹುದು. ಅದರಾಚೆಯದು ಬೇಡ. ಪತ್ತೇದಾರಿ ಆದರೆ ಮೊದಲ ಅಧ್ಯಾಯ ಮಾತ್ರ. "ಕೊನೆಯಲ್ಲಿ ಒಂದು ತಿರುವು ಉಂಟು, ಹೇಳುವುದಿಲ್ಲ" ಎನ್ನುವುದೂ ಹೇಳಿದ ಹಾಗೆಯೇ. ಓದುವವರು ಆ ತಿರುವಿಗೇ ಕಾದು ಕೂರುತ್ತಾರೆ.

ಹಾಗಂತ ಇದಕ್ಕೆ ಅತಿಯಾಗಿ ಹೆದರಬೇಕಾಗಿಲ್ಲ. ಅಭಿಮನ್ಯು ಚಕ್ರವ್ಯೂಹದಿಂದ ಹೊರಗೆ ಬರುವುದಿಲ್ಲ ಎಂದು ಗೊತ್ತಿದ್ದೂ ಬೆಳಗಿನವರೆಗೆ ಚಾಪೆ ಹಾಸಿ ಕೂತವರು ನಾವು.

ಆರು: ಬರೆದವರು ಎದುರಿಗಿದ್ದರೆ

ಇದು ಎಲ್ಲದಕ್ಕಿಂತ ಕಷ್ಟ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಪುಸ್ತಕ ಬರೆದವರಿಗೆ ಅದು ಹೆಗ್ಗಣ ಇರಬಹುದು ಎಂಬ ಅನುಮಾನ ಒಳಗೊಳಗೇ ಇರುತ್ತದೆ. ಹಾಗಾಗಿಯೇ ಅವರು ಕೇಳುವುದು.

ನಾನು ಇಟ್ಟುಕೊಂಡ ಕೆಲವು ನಿಯಮ ಇವೆ. ಕೇಳದೆ ಹೇಳುವುದಿಲ್ಲ. ನಾಲ್ಕು ಜನರ ಎದುರು ದೂರು ಹೇಳುವುದಿಲ್ಲ. ಬಿಡುಗಡೆಯ ದಿನವಂತೂ ಖಂಡಿತ ಇಲ್ಲ, ಅವತ್ತು "ಅಭಿನಂದನೆ" ಸಾಕು. ಅದು ಸುಳ್ಳೂ ಅಲ್ಲ, ಒಂದು ಪುಸ್ತಕ ಬರೆದು ಮುಗಿಸುವುದು ಸಣ್ಣ ಕೆಲಸವೇ? ಓದಿಲ್ಲದಿದ್ದರೆ "ಇನ್ನೂ ಓದಿಲ್ಲ, ಓದಿ ಫೋನ್ ಮಾಡುತ್ತೇನೆ" ಎನ್ನುತ್ತೇನೆ. ಹಾಗೆ ಹೇಳಿದ ಮೇಲೆ ಓದುತ್ತೇನೆ, ಫೋನ್ ಮಾಡುತ್ತೇನೆ.

ಮಾವನ ಮನೆಗೆ ಹೋದದ್ದು ಆಟಿ ತಿಂಗಳಲ್ಲಿ. ಹೊರಗೆ ಜಡಿಮಳೆ. ಅತ್ತೆ ಪತ್ರೊಡೆ ಬಡಿಸಿದ್ದರು. ಚೀಟಿ ಕಿಸೆಯಲ್ಲಿತ್ತು.

"ಮಾವ, ಬಾವಿಕಟ್ಟೆಯ ಅಧ್ಯಾಯ ಎರಡು ಸಲ ಓದಿದೆ" ಎಂದೆ. ಅವರ ಮುಖ ಅರಳಿತು. "ಪಾಲಿನ ಲೆಕ್ಕ ಬರುವಲ್ಲಿ ಮಾತ್ರ ನಾನು ದಾರಿ ತಪ್ಪಿದೆ. ಯಾರು ಯಾರ ಮಗ ಅಂತ ಗೊತ್ತಾಗಲಿಲ್ಲ. ಅದರಿಂದಾಗಿ ಒಂದು ಸಲ ಅರ್ಧಕ್ಕೆ ಬಿಟ್ಟುಬಿಟ್ಟಿದ್ದೆ."

ಮಾವ ಸ್ವಲ್ಪ ಹೊತ್ತು ಪತ್ರೊಡೆ ನೋಡಿದರು. ಆಮೇಲೆ ಒಳಗೆ ನೋಡಿ, "ಕೇಳಿತಾ? ಇವನೂ ಅದನ್ನೇ ಹೇಳ್ತಾನೆ" ಎಂದರು. ಅತ್ತೆ ಅಡುಗೆಮನೆಯಿಂದಲೇ, "ನಾನು ಕೈಬರಹದಲ್ಲೇ ಹೇಳಿದ್ದೆ" ಎಂದರು. ನೂರಕ್ಕೂ ಜಾಸ್ತಿ ಪ್ರತಿ ಹಂಚಿದ್ದರಂತೆ ಮಾವ. ಒಂದು ಪುಟದ ಸಂಖ್ಯೆ ಹಿಡಿದು ಮಾತಾಡಿದವರು ನಾವಿಬ್ಬರೇ. ಉಳಿದವರೆಲ್ಲ ಲಾಯ್ಕುಂಟು ಎಂದಿದ್ದರು.

ಎಲ್ಲರೂ ಹೀಗೆ ತೆಗೆದುಕೊಳ್ಳುತ್ತಾರೆ ಎಂದುಕೊಳ್ಳಬೇಡಿ. ಇನ್ನೊಬ್ಬರು ನನ್ನ ಹತ್ತಿರ ಎರಡು ವರ್ಷ ಮಾತು ಬಿಟ್ಟಿದ್ದಾರೆ. ಅದಕ್ಕೆ ತಯಾರಿರಬೇಕು, ಇಲ್ಲವೇ ಬಾಯಿ ಮುಚ್ಚಿಕೊಂಡಿರಬೇಕು. ಸುಳ್ಳು ಹೊಗಳುವುದಕ್ಕಿಂತ ಸುಮ್ಮನಿರುವುದು ವಾಸಿ.

ಏಳು: ಶಿಫಾರಸು ಬೇರೆಯೇ ಕೆಲಸ

ಇಲ್ಲಿವರೆಗೆ ಹೇಳಿದ್ದು ಅಭಿಪ್ರಾಯದ ಬಗ್ಗೆ. "ನಂಗೊಂದು ಒಳ್ಳೆ ಪುಸ್ತಕ ಹೇಳು" ಎಂದಾಗ ಕೆಲಸ ಬದಲಾಗುತ್ತದೆ. ಅಭಿಪ್ರಾಯದಲ್ಲಿ ನಾನು ಮುಖ್ಯ, ಶಿಫಾರಸಿನಲ್ಲಿ ಕೇಳಿದವರು ಮುಖ್ಯ. ನಮಗೆ ಇಷ್ಟವಾದದ್ದನ್ನೇ ಎಲ್ಲರಿಗೂ ಬಡಿಸುವುದು ನಾವು ಸಾಮಾನ್ಯವಾಗಿ ಮಾಡುವ ತಪ್ಪು.

ಎಸ್. ಆರ್. ರಂಗನಾಥನ್ ಎಂಬ ಹೆಸರು ಗ್ರಂಥಾಲಯದವರಿಗೆ ಗೊತ್ತು. ಅವರು 1917ರಲ್ಲಿ ಕಾಲೇಜಿನ ಮೇಷ್ಟ್ರಾಗಿ ಸೇರಿದ್ದು ಮಂಗಳೂರಿನ ಸರ್ಕಾರಿ ಕಾಲೇಜಿಗೆ, ಗಣಿತ ಕಲಿಸಲು. ಹಂಪನಕಟ್ಟೆಯಲ್ಲಿ ಈಗ ವಿಶ್ವವಿದ್ಯಾನಿಲಯ ಕಾಲೇಜು ಅನ್ನುತ್ತೇವಲ್ಲ, ಅದೇ. ಆಮೇಲೆ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾದರು. 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಬರೆದರು. ಅದರಲ್ಲಿ ಎರಡನೆಯದು ಪ್ರತಿ ಓದುಗನಿಗೂ ಅವನ ಪುಸ್ತಕ. ಮೂರನೆಯದು ಪ್ರತಿ ಪುಸ್ತಕಕ್ಕೂ ಅದರ ಓದುಗ. ನಾಲ್ಕನೆಯದು ಓದುಗನ ಸಮಯ ಉಳಿಸಿ. ಶಿಫಾರಸು ಮಾಡುವವನಿಗೆ ಈ ಮೂರು ಸಾಕು.

ಪುಸ್ತಕದ ಹೆಸರು ಹೇಳುವ ಮೊದಲು ಮೂರು ಪ್ರಶ್ನೆ ಕೇಳಿ. ಕೊನೆಗೆ ಪೂರ್ತಿ ಓದಿದ ಪುಸ್ತಕ ಯಾವುದು? ಅರ್ಧಕ್ಕೆ ಬಿಟ್ಟದ್ದು ಯಾವುದು, ಯಾಕೆ? ಯಾವಾಗ, ಎಲ್ಲಿ ಓದುತ್ತೀರಿ? "ಯಾವ ಲೇಖಕರು ಇಷ್ಟ?" ಎಂದು ಕೇಳಬೇಡಿ. ಆ ಪ್ರಶ್ನೆಗೆ ಜನ ಮರ್ಯಾದೆಯ ಉತ್ತರ ಕೊಡುತ್ತಾರೆ. ಬಿಟ್ಟ ಪುಸ್ತಕದ ಬಗ್ಗೆ ಕೇಳಿದರೆ ನಿಜ ಹೊರಗೆ ಬರುತ್ತದೆ.

ಮೂರನೇ ಪ್ರಶ್ನೆಯನ್ನು ಲಘುವಾಗಿ ನೋಡಬೇಡಿ. ದಿನಾ ಉಡುಪಿಯಿಂದ ಮಂಗಳೂರಿಗೆ ಬಸ್ಸಿನಲ್ಲಿ ಹೋಗುವ ಹುಡುಗಿಗೆ ಸುಮಾರು 60 ಕಿಲೋಮೀಟರ್ ದಾರಿ ಇದೆ. ಸೀಟು ಸಿಕ್ಕರೆ ಒಂದು ಕಥೆ ಮುಗಿಯುತ್ತದೆ, ಸಿಗದಿದ್ದರೆ ಪುಸ್ತಕ ಬ್ಯಾಗಿನಲ್ಲೇ. ಅವಳಿಗೆ ಮೂರು ತಲೆಮಾರಿನ ಕಾದಂಬರಿ ಕೊಟ್ಟರೆ ಪಡುಬಿದ್ರಿ ಬರುವಷ್ಟರಲ್ಲಿ ಹಿಂದಿನ ದಿನದ ಹೆಸರು ಮರೆತಿರುತ್ತದೆ. ಸಣ್ಣ ಕಥೆ, ಲಲಿತ ಪ್ರಬಂಧ ಕೊಡಿ. ಅದೇ ದಪ್ಪ ಕಾದಂಬರಿ ಆಟಿಯಲ್ಲಿ ಮನೆಯಲ್ಲೇ ಕೂರುವ ರಾಯರಿಗೆ ಸರಿ, ಅಕ್ಷರ ದೊಡ್ಡದಿದ್ದರೆ.

ನಮ್ಮವರೇ ಆದ ಶಿವರಾಮ ಕಾರಂತರನ್ನೇ ತೆಗೆದುಕೊಳ್ಳಿ. 1902ರಲ್ಲಿ ಕೋಟದಲ್ಲಿ ಹುಟ್ಟಿದವರು. "ಕಾರಂತರದ್ದು ಯಾವುದು ಮೊದಲು ಓದಲಿ?" ಎಂದು ಕೇಳಿದವರಿಗೆಲ್ಲ ನಾವು 'ಮೂಕಜ್ಜಿಯ ಕನಸುಗಳು' ಎನ್ನುತ್ತೇವೆ. 1977ರ ಜ್ಞಾನಪೀಠ ಬಂದದ್ದು ಅದಕ್ಕೆ, ಅದು ಕಾರಣ. ಆದರೆ ಅದು ಬಹುಪಾಲು ಅಜ್ಜಿ ಮತ್ತು ಮೊಮ್ಮಗನ ಮಾತುಕತೆ, ದೇವರು, ಕಾಲ, ಬದುಕಿನ ಬಗ್ಗೆ. ಘಟನೆ ಬೇಕು ಅನ್ನುವ ಹೊಸ ಓದುಗ ಅಲ್ಲೇ ನಿಂತುಬಿಡುತ್ತಾನೆ. ಬೆಂಗಳೂರಿನಲ್ಲಿ ಬೆಳೆದ, ಕನ್ನಡ ನಿಧಾನಕ್ಕೆ ಓದುವ ನನ್ನ ಅಣ್ಣನ ಮಗನಿಗೆ ನಾನು ಕೊಟ್ಟದ್ದು 'ಬೆಟ್ಟದ ಜೀವ'. ಸಣ್ಣ ಪುಸ್ತಕ. ದಾರಿ ತಪ್ಪಿದ ಒಬ್ಬ ಅತಿಥಿ ಕುಮಾರಪರ್ವತದ ಬುಡದಲ್ಲಿ ಒಬ್ಬ ಮುದುಕ, ಮುದುಕಿಯ ಮನೆಗೆ ಬರುತ್ತಾನೆ. ಅಷ್ಟು ಹೇಳಿದರೆ ಸಾಕಾಯ್ತು. ನಾಲ್ಕು ದಿನದಲ್ಲಿ ಮುಗಿಸಿ "ಇನ್ನೊಂದು ಉಂಟಾ?" ಎಂದ. 'ಮರಳಿ ಮಣ್ಣಿಗೆ' ಆಮೇಲೆ ಕೊಟ್ಟೆ. ಪ್ರಶಸ್ತಿ ಬಂದದ್ದು ಮೊದಲು ಓದಬೇಕಾದದ್ದು ಎಂದೇನೂ ಇಲ್ಲ.

ಒಮ್ಮೆಗೆ ಒಂದೇ ಹೆಸರು ಹೇಳಿ. ಜಾಸ್ತಿ ಅಂದರೆ ಎರಡು. ಹತ್ತು ಹೆಸರಿನ ಪಟ್ಟಿ ಕೊಟ್ಟವರು ಶಿಫಾರಸು ಮಾಡುತ್ತಿಲ್ಲ, ತಾವು ಎಷ್ಟು ಓದಿದ್ದೇವೆ ಎಂದು ತೋರಿಸುತ್ತಿದ್ದಾರೆ. ನಾನೂ ಹಾಗೆ ಮಾಡಿದ್ದುಂಟು.

ಎಂಟು: ಎಲ್ಲಿ ಸಿಗುತ್ತದೆ ಎಂದೂ ಹೇಳಿ

ಸಿಗದ ಪುಸ್ತಕದ ಹೆಸರು ಹೇಳುವುದು ಹಸಿದವನಿಗೆ ಊಟದ ವರ್ಣನೆ ಮಾಡಿದ ಹಾಗೆ. ಹೇಳುವ ಮೊದಲು ಮುದ್ರಣದಲ್ಲಿ ಇದೆಯೋ ನೋಡಿ. ಮಂಗಳೂರು ಬಲ್ಮಠದ ಅತ್ರಿ ಬುಕ್ ಸೆಂಟರ್ 2012ರಲ್ಲಿ ಮುಚ್ಚಿದ ಮೇಲೆ ಅಂಗಡಿಯಲ್ಲಿ ನಿಂತು ಪುಟ ತಿರುವಿ ನೋಡುವ ನಮ್ಮ ಸುಖ ಕಡಿಮೆಯಾಗಿದೆ. ಗ್ರಂಥಾಲಯ ಇದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದಾಗಿ ನಮ್ಮ ಆಸ್ತಿ ತೆರಿಗೆಯ ಜೊತೆಗೇ ಗ್ರಂಥಾಲಯ ಕರ ಹೋಗುತ್ತದೆ. ದುಡ್ಡು ಕೊಟ್ಟಾಗಿದೆ, ಒಳಗೆ ಹೋಗಿ ಕೇಳುವುದಕ್ಕೆ ಏನು ಸಂಕೋಚ? ಮಂಗಳೂರಿನವರಿಗೆ ಬಾವುಟಗುಡ್ಡೆಯಲ್ಲಿದೆ. ಉಡುಪಿಯಲ್ಲಿ ಜಾನಪದ, ಸಂಶೋಧನೆಯ ಕಡೆ ಆಸಕ್ತಿ ಇರುವವರು ಎಂಜಿಎಂ ಕಾಲೇಜಿನ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ವಿಚಾರಿಸಬಹುದು.

ಒಂಬತ್ತು: ಗುಂಪಿನಲ್ಲಿ ಮಾತಾಡುವ ಕ್ರಮ

ಆರರಿಂದ ಎಂಟು ಜನ ಸಾಕು. ಹತ್ತು ದಾಟಿದರೆ ಅದು ಸಭೆ. ಆಗ ಯಾರೋ ಸ್ವಾಗತ ಭಾಷಣ ಶುರು ಮಾಡುತ್ತಾರೆ.

ನಮ್ಮಲ್ಲಿ ಮೊದಲು ಒಬ್ಬ ನಿವೃತ್ತ ಉಪನ್ಯಾಸಕರು ಮಾತಾಡುತ್ತಿದ್ದರು. ಒಳ್ಳೆ ಓದುಗರು. ಆದರೆ ಅವರು "ಇದು ದುರ್ಬಲ ಕೃತಿ" ಎಂದ ಮೇಲೆ "ನಂಗೆ ಇಷ್ಟ ಆಯ್ತು" ಎನ್ನಲು ಯಾರಿಗೂ ಬಾಯಿ ಬರುತ್ತಿರಲಿಲ್ಲ. ಅವರಿಗೇ ಅದು ಗೊತ್ತಾಗಿ, ವಯಸ್ಸಿನಲ್ಲಿ ಸಣ್ಣವರು ಮೊದಲು ಮಾತಾಡಲಿ ಎಂದರು. ಈಗ ಡಿಗ್ರಿ ಓದುವ ಹುಡುಗಿಯಿಂದ ಶುರು. ಒಬ್ಬೊಬ್ಬರಿಗೆ ಮೂರು ನಿಮಿಷ, ಮಧ್ಯೆ ಬಾಯಿ ಹಾಕುವ ಹಾಗಿಲ್ಲ. ಪುಸ್ತಕ ಸೂಚಿಸಿದವರು ಕೊನೆಗೆ. ತಾನು ಸೂಚಿಸಿದ್ದನ್ನು ಬೇರೆಯವರು ಕುಟ್ಟುವಾಗ ಸುಮ್ಮನೆ ಕೂರುವುದು ಒಳ್ಳೆ ಅಭ್ಯಾಸ, ಹೊಟ್ಟೆ ಉರಿದರೂ. ತಿಂಡಿ ಬರುವುದು ಮೊದಲ ಸುತ್ತು ಮುಗಿದ ಮೇಲೆ. ಬನ್ಸ್ ಮೊದಲೇ ಬಂದರೆ ಯಾರೂ ಯಾರ ಮಾತನ್ನೂ ಕೇಳುವುದಿಲ್ಲ.

ಒಪ್ಪದಿದ್ದಾಗ "ನೀವು ಸರಿಯಾಗಿ ಓದಿಲ್ಲ" ಎನ್ನಬೇಡಿ. "ಯಾವ ಪುಟದಲ್ಲಿ ಹಾಗೆ ಅನಿಸಿತು?" ಎಂದು ಕೇಳಿ. ಅರ್ಧ ಜಗಳ ಅಲ್ಲಿಗೆ ಮುಗಿಯುತ್ತದೆ. ಉಳಿದರ್ಧ ಚೆನ್ನಾಗಿರುತ್ತದೆ, ಅದನ್ನು ಮುಂದುವರಿಸಿ.

ಹತ್ತು: ಲೆಕ್ಕದ ಪುಸ್ತಕ

ಯಾರಿಗೆ ಯಾವ ಪುಸ್ತಕ ಹೇಳಿದೆ, ಅವರಿಗೆ ಹಿಡಿಸಿತೇ ಎಂದು ಬರೆದಿಡಿ. ಇಪ್ಪತ್ತು ರೂಪಾಯಿಯ ನೋಟ್‌ಬುಕ್ ಸಾಕು. ನನ್ನದರಲ್ಲಿ ನಾಲ್ಕು ಸಾಲು: ಹೆಸರು, ಪುಸ್ತಕ, ತಾರೀಕು, ಫಲ. ಒಂದು ವರ್ಷ ಆದ ಮೇಲೆ ತಿರುವಿದರೆ ನಿಮ್ಮ ದೌರ್ಬಲ್ಯ ಕಾಣುತ್ತದೆ. ನಾನು ಹೇಳಿದ ಕವನ ಸಂಕಲನ ಒಂದೂ ಯಾರಿಗೂ ಹಿಡಿಸಿಲ್ಲ. ಹಾಗಾಗಿ ಕವನ ಕೇಳಿದವರನ್ನು ಈಗ ಉಪನ್ಯಾಸಕರ ಹತ್ತಿರ ಕಳಿಸುತ್ತೇನೆ.

ಅಭಿಪ್ರಾಯ ಬದಲಾದರೆ ಅದನ್ನೂ ಅಲ್ಲೇ ಬರೆಯಿರಿ, ಮೊದಲು ಹೇಳಿದವರಿಗೆ ತಿಳಿಸಿ. ಹಾಗೆಯೇ ಮಾವನ ಪುಸ್ತಕದ 188ನೇ ಪುಟದ ವಿಷಯವನ್ನು ಡಾಕ್ಟರಕ್ಕನಿಗೆ ಹೇಳಿದೆ. "ನಾನು ಹೇಳಿದ್ದು ಸುಳ್ಳಾಗಿತ್ತು ಅಕ್ಕ, ಈಗ ಪೂರ್ತಿ ಓದಿದೆ, ಆ ಪತ್ರದವರೆಗೆ ಒಮ್ಮೆ ಹೋಗಿ ನೋಡಿ" ಎಂದೆ. ಅವತ್ತು ಕೋಪದಲ್ಲಿ ನನ್ನ ಮುಂದೆ ಇಟ್ಟ ಪ್ರತಿ ನನ್ನ ಕಪಾಟಿನಲ್ಲೇ ಇತ್ತು. ಏನೂ ಹೇಳದೆ ಬ್ಯಾಗಿಗೆ ಹಾಕಿಕೊಂಡು ಹೋದರು. ಅದರೊಳಗೆ ನನ್ನ ಚೀಟಿಯ ನಕಲು ಇಟ್ಟಿದ್ದೆ. ನೋಟ್‌ಬುಕ್ಕಿನಲ್ಲಿ ಅವರ ಹೆಸರು, ಪುಸ್ತಕದ ಹೆಸರು, ತಾರೀಕು ಬರೆದಾಗಿದೆ. ಎಂಟು ತಿಂಗಳಾಯ್ತು. ಫಲದ ಜಾಗದಲ್ಲಿ "ವಾಪಸ್ ಬಂದಿಲ್ಲ" ಎಂದು ಪೆನ್ಸಿಲಿನಲ್ಲಿ ಬರೆದಿದ್ದೇನೆ.